ಗಣಿ ಮುಚ್ಚಿದ ಊರಲ್ಲಿ ಮನೆ ತಗೋಬಹುದಾ? ಡರ್ಹಂ ಕಡಲ ಕಡೆ ಇದ್ದವರು ಹೇಳಿ

ಹಾಸನದ_ಹುಡುಗ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕೆಲಸ, ಮದುವೆಯಾಗಿ ಎರಡು ವರ್ಷ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಡರ್ಹಂ ಕೌಂಟಿಯ ಕಡಲ ಕಡೆ ಹೋರ್ಡನ್, ಈಸಿಂಗ್ಟನ್ ಕಾಲಿಯರಿ ಅಂತ ಹಳೇ ಕಲ್ಲಿದ್ದಲು ಗಣಿ ಊರುಗಳಿವೆ. ಕೆಂಪು ಇಟ್ಟಿಗೆಯ ಸಾಲುಮನೆಗಳು. ಬೆಲೆ ನೋಡಿ ಸೊನ್ನೆ ಬಿಟ್ಟು ಹಾಕಿದ್ದಾರೇನೋ ಅಂದುಕೊಂಡೆ. ಸಮುದ್ರಕ್ಕೆ ನಡೆದುಕೊಂಡೇ ಹೋಗಬಹುದು. ಆಫೀಸಿನಲ್ಲಿ ಹೇಳಿದರೆ "ಪಿಟ್ ವಿಲೇಜಾ?" ಅಂತ ಮುಖ ಒಂಥರಾ ಮಾಡುತ್ತಾರೆ (ಗಣಿಗೆ ಇಲ್ಲಿ ಪಿಟ್ ಅನ್ನುತ್ತಾರೆ). ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಕೆಳಗೆಲ್ಲ ಗಣಿ ತೋಡಿದ್ದಾರಲ್ಲ, ಮನೆ ಕುಸಿಯುತ್ತಾ? ಜನ ಹೇಗೆ? ನಮ್ಮ ಬಣ್ಣದವರನ್ನು ಸೇರಿಸುತ್ತಾರಾ? ಅಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಂಗಳೂರು_ಬಿಸಿಲು:
ಅಗ್ಗ ಅಂದರೆ ಏನೋ ಕಾರಣ ಇರುತ್ತೆ ಗುರು. ನಮ್ಮಲ್ಲಿ ಕೆರೆ ಮೇಲೆ ಸೈಟ್ ಮಾರುತ್ತಾರೆ, ಅಲ್ಲಿ ಗಣಿ ಮೇಲೆ ಮಾರುತ್ತಾರೆ ಅಷ್ಟೇ.

ಕಡಲದಂಡೆ_ನರ್ಸಮ್ಮ:
ತಮ್ಮಾ, ನಾನು ಈಸಿಂಗ್ಟನ್ ಕಾಲಿಯರಿಯಲ್ಲೇ ಇರುವುದು. 2009ರಲ್ಲಿ ಬಂದೆ. ತೀರ್ಥಹಳ್ಳಿ ಕಡೆಯವಳು. ಮನೆಮನೆಗೆ ಹೋಗುವ ನರ್ಸ್ ಆದ್ದರಿಂದ ಈ ಊರಿನ ಅಡುಗೆಮನೆಗಳೆಲ್ಲ ಗೊತ್ತು.

ಮೊದಲು ಕುಸಿಯುವ ವಿಷಯ. ಡರ್ಹಂನ ಪಶ್ಚಿಮದ ಕಡೆ ಕಲ್ಲಿದ್ದಲು ಮೇಲೇ ಇತ್ತು. ಇನ್ನೂರು ಮುನ್ನೂರು ವರ್ಷದ ಹಳೇ ಗುಂಡಿಗಳು, ನಕ್ಷೆಯಲ್ಲೇ ಇಲ್ಲದ ಗಣಿ ಬಾವಿಗಳು ಅಲ್ಲಿ ಜಾಸ್ತಿ. ನಮ್ಮ ಕಡಲ ಕಡೆ ಹಾಗಲ್ಲ. ಇಲ್ಲಿ ಸುಣ್ಣಕಲ್ಲಿನ ದಪ್ಪ ಪದರದ ಕೆಳಗೆ, ತುಂಬಾ ಆಳದಲ್ಲಿ ಕಲ್ಲಿದ್ದಲು. ಅದಕ್ಕೇ ಇಲ್ಲಿ ಗಣಿ ತಡವಾಗಿ ಬಂತು. ಈಸಿಂಗ್ಟನ್‌ನಲ್ಲಿ ಬಾವಿ ತೋಡಲು ಶುರು ಮಾಡಿದ್ದು 1899ರಲ್ಲಿ, ಕಲ್ಲಿದ್ದಲು ಸಿಕ್ಕಿದ್ದು ಹತ್ತು ವರ್ಷ ಕಳೆದ ಮೇಲೆ. ಮಧ್ಯೆ ನೀರು ನುಗ್ಗಿ ನುಗ್ಗಿ, ಕೊನೆಗೆ ನೆಲವನ್ನೇ ಮಂಜುಗಟ್ಟಿಸಿ ತೋಡಿದರಂತೆ. ಆಮೇಲೆ ಸಮುದ್ರದ ಅಡಿಯಲ್ಲಿ ಮೈಲಿಗಟ್ಟಲೆ ಹೋದರು. ಆಳದ ಗಣಿ ಮುಚ್ಚಿದ ಮೇಲೆ ನೆಲ ಕೂರುವುದಿದ್ದರೆ ಕೆಲವೇ ವರ್ಷಗಳಲ್ಲಿ ಕೂತುಬಿಡುತ್ತೆ. ಆದರೂ ಮನೆಯ ಕೆಳಗೆ ಹಳೇ ಗಣಿ ಇದೆಯಾ ಅಂತ ಹೇಳುವ ಗಣಿ ವರದಿಯನ್ನು ವಕೀಲರ ಕೈಲಿ ತರಿಸದೆ ಸಹಿ ಹಾಕಬೇಡಿ. ಈ ದೇಶದಲ್ಲಿ ನಾಲ್ಕರಲ್ಲಿ ಒಂದು ಮನೆ ಕಲ್ಲಿದ್ದಲು ಸೀಮೆಯ ಮೇಲೇ ಇದೆ. ಹಾಗಾಗಿ ಆ ವರದಿ ಅಂದರೆ ಇಲ್ಲಿ ನಮ್ಮ ಕಡೆಯ ಪಹಣಿ ಇದ್ದ ಹಾಗೆ.

ಗಣಿಗಿಂತ ಜಾಸ್ತಿ ಹೆದರಬೇಕಾದ್ದು ಪಕ್ಕದ ಮನೆಗೆ. ಅದರಲ್ಲಿ ಜನ ಇದ್ದಾರೋ ಇಲ್ಲವೋ ಮೊದಲು ನೋಡಿ. ಮೂಲದಲ್ಲಿ ಇವೆಲ್ಲ ಗಣಿಯವರ ಮನೆ. ಆಮೇಲೆ ಕೈಬದಲಾಗಿ, ಎಲ್ಲೋ ಕೂತವರು ಹರಾಜಿನಲ್ಲಿ ಹಿಡಿದು, ನೋಡದೆಯೇ ಬಾಡಿಗೆಗೆ ಬಿಟ್ಟಿದ್ದಾರೆ. ಬಾಡಿಗೆಯವರು ಹೋದರೆ ಕಿಟಕಿಗೆ ಹಲಗೆ ಹೊಡೆದು ಮರೆತೇಬಿಡುತ್ತಾರೆ. ಸಾಲುಮನೆ ಅಲ್ವಾ, ಗೋಡೆ ಒಂದೇ. ಅವರ ಮಾಡು ಸೋರಿದರೆ ನಿಮ್ಮ ಗೋಡೆಗೆ ಬೂಸ್ಟು. ನನ್ನ ಮಲಗುವ ಕೋಣೆಯ ಮೂಲೆಯಲ್ಲಿ ಮೂರು ವರ್ಷ ಕಪ್ಪು ಕಲೆ ಇತ್ತು. ಆ ಕಡೆಯ ಮನೆ ಮಾಲೀಕರಿಗೆ ಎಷ್ಟು ಪತ್ರ ಬರೆದೆನೋ, ಲೆಕ್ಕ ಬಿಟ್ಟಿದ್ದೇನೆ.

ಜನರ ವಿಷಯ ರಾತ್ರಿ ಬರೆಯುತ್ತೇನೆ, ಡ್ಯೂಟಿ ಇದೆ.

ಚಾಂಪಿಯನ್_ರೀಫ್:
ಮೇಡಂ, ನೀವು ಬರೆದದ್ದು ಓದಿ ಕೆಜಿಎಫ್ ಕಣ್ಣ ಮುಂದೆ ಬಂತು. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದವರು. ಗಣಿ ಲೈನಿನ ಮನೆ, ಗಣಿ ಆಸ್ಪತ್ರೆ, ಗಣಿ ಸೈರನ್. 2001ರ ಫೆಬ್ರವರಿ 28ಕ್ಕೆ ಎಲ್ಲ ಬಂದ್. ಈಗ ನಮ್ಮವರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬ. ನಮ್ಮ ಗಣಿ ಕಟ್ಟಿದವರೂ ಇದೇ ಇಂಗ್ಲೆಂಡಿನವರೇ ತಾನೇ?

ಬಳ್ಳಾರಿ_ನಾಟಿಂಗ್‌ಹ್ಯಾಂ:
ಕೆಜಿಎಫ್‌ಗೆ ಬಂದ ಗಣಿಗಾರರು ಹೆಚ್ಚಾಗಿ ಕಾರ್ನ್‌ವಾಲ್ ಕಡೆಯವರು ಸಾರ್. ಅದು ತವರ, ತಾಮ್ರದ ಗಣಿ ಸೀಮೆ. ನಡೆಸಿದ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್. ಡರ್ಹಂ, ಯಾರ್ಕ್‌ಶೈರ್, ನಾಟಿಂಗ್‌ಹ್ಯಾಂ ಇವೆಲ್ಲ ಕಲ್ಲಿದ್ದಲು. ಎರಡೂ ಬೇರೆ ಕುಲ. ಆದರೆ ಊರು ಖಾಲಿಯಾಗುವ ರೀತಿ ಒಂದೇ ಬಿಡಿ.

ಬೆಂಗಳೂರು_ಬಿಸಿಲು:
ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಲ್ಲಿದ್ದಲು ಅಂದರೆ ಹೊಗೆ, ಕೆಮ್ಮು, ಸಾವು. ಮುಚ್ಚಿದ್ದು ಒಳ್ಳೇದೇ ಆಯ್ತಲ್ಲ? ಅದಕ್ಕೆ ಇಷ್ಟೊಂದು ಕಣ್ಣೀರು ಯಾಕೆ?

ಕಡಲದಂಡೆ_ನರ್ಸಮ್ಮ:
ಬಿಸಿಲು ಅವರೇ, ಬೇಜಾರೇನಿಲ್ಲ, ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಯಾರನ್ನು ಕೇಳಿದೆ ಅಂತ ಹೇಳುತ್ತೇನೆ.

ನನ್ನ ಇನ್ನೊಂದು ಪಕ್ಕದ ಮನೆಯಲ್ಲಿ ಒಬ್ಬರು ತಾತ ಇದ್ದಾರೆ. ಹದಿನೈದನೇ ವಯಸ್ಸಿಗೆ ಗಣಿಗೆ ಇಳಿದವರು. ನಾನು ಬಂದ ವಾರ, ಬಾಗಿಲ ಮುಂದೆ ಅವರು ಕುಕ್ಕರಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಅಲ್ಲೇ ನಿಂತೆ. ಕುಕ್ಕರಗಾಲಲ್ಲಿ ಕೂತ ಇಂಗ್ಲಿಷಿನವರನ್ನು ಅವತ್ತಿನವರೆಗೂ ನೋಡಿರಲಿಲ್ಲ! ಥೇಟ್ ನಮ್ಮ ಅಜ್ಜ ಅಡಿಕೆ ಸುಲಿಯುವಾಗ ಕೂರುತ್ತಿದ್ದ ಹಾಗೆ. ಗಣಿಯೊಳಗೆ ಕೆಲವು ಕಡೆ ಮೂರಡಿಯೂ ಎತ್ತರ ಇರುತ್ತಿರಲಿಲ್ಲವಂತೆ. ಕುರ್ಚಿ ಎಲ್ಲಿಂದ ಬರಬೇಕು? ಕೂತು ಕೂತು ಅದೇ ಅಭ್ಯಾಸವಾಗಿ, ಮೇಲೆ ಬಂದ ಮೇಲೂ ಬಸ್ ನಿಲ್ದಾಣದಲ್ಲಿ, ಗೋಡೆ ಪಕ್ಕ ಹಾಗೇ ಕೂರುತ್ತಿದ್ದರು. ನಾನೂ ಪಕ್ಕದಲ್ಲಿ ಹಾಗೇ ಕೂತೆ. ಅವರಿಗೆ ಆಶ್ಚರ್ಯ. "ನಿನ್ನ ಅಪ್ಪ ಯಾವ ಪಿಟ್?" ಅಂತ ಕೇಳಿದರು.

ಅವರ ಕೈ ನೋಡಬೇಕು ನೀವು. ಮೊಣಕೈಯಿಂದ ಬೆರಳಿನವರೆಗೆ ಅಲ್ಲಲ್ಲಿ ನೀಲಿ ಗೆರೆ. ನಮ್ಮ ಅಜ್ಜಿಯರ ಹಚ್ಚೆ ಇದ್ದ ಹಾಗೆ. ಗಾಯವಾದಾಗ ಕಲ್ಲಿದ್ದಲ ಪುಡಿ ಒಳಗೆ ಸೇರಿ, ಅದರ ಮೇಲೇ ಚರ್ಮ ಕೂಡಿಕೊಳ್ಳುತ್ತೆ. ರಕ್ತ ತೆಗೆಯುವಾಗ ಅದನ್ನು ನರ ಅಂದುಕೊಂಡು ಮೊದಲ ಸಲ ಮೋಸ ಹೋದೆ. ಒಂದೊಂದು ಗೆರೆಗೂ ಇಂಥಾ ವರ್ಷ, ಇಂಥಾ ಪದರ ಅಂತ ಅವರ ಹತ್ತಿರ ಲೆಕ್ಕ ಇದೆ.

ನಿಮ್ಮ ಪ್ರಶ್ನೆಯನ್ನೇ ಅವರಿಗೆ ಕೇಳಿದೆ. ನಕ್ಕರು. ಮಗನನ್ನು ಗಣಿಗೆ ಇಳಿಸಬಾರದು ಅಂತ ಈ ಊರಲ್ಲಿ ಹರಕೆ ಹೊರದ ತಾಯಿ ಇಲ್ಲವಂತೆ. ಯಾರಿಗೂ ಆ ಕತ್ತಲು ಬೇಕಾಗಿರಲಿಲ್ಲ. 1993ರ ಮೇ 7ಕ್ಕೆ ಗಣಿ ಮುಚ್ಚಿತು. ಸುಮಾರು 1,400 ಜನರ ಕೆಲಸ ಹೋಯಿತು. ಈ ಊರು ಹುಟ್ಟಿದ್ದೇ ಆ ಗಣಿಗಾಗಿ. ಮುಚ್ಚುವವರು ಬದಲಿಗೆ ಏನು ತಂದರು ಅನ್ನುವುದು ಅವರ ಪ್ರಶ್ನೆ. ಸಂಡರ್‌ಲ್ಯಾಂಡ್‌ನ ಕಾರು ಕಾರ್ಖಾನೆಗೆ ಕೆಲವರು ಹೋದರು, ಕೆಲವರು ಗೋದಾಮು, ಕಾಲ್ ಸೆಂಟರ್. ಐವತ್ತು ದಾಟಿದವರು ಸುಮ್ನೆ ಮನೆಯಲ್ಲಿ ಕೂತರು. ಆ ಕೂತವರ ಶ್ವಾಸಕೋಶವನ್ನು ನಾನು ದಿನಾ ಕೇಳುತ್ತೇನೆ. ಧೂಳಿನ ಕಾಯಿಲೆಗೆ ಪರಿಹಾರ ಕೊಡಬೇಕು ಅಂತ 1998ರಲ್ಲಿ ಕೋರ್ಟ್ ತೀರ್ಪು ಬಂತು. ಅಷ್ಟು ಹೊತ್ತಿಗೆ ಎಷ್ಟೋ ಜನರ ಅರ್ಜಿಗೆ ಹೆಂಡತಿಯರೇ ಸಹಿ ಹಾಕಬೇಕಾಯಿತು.

ಹಾಸನದ_ಹುಡುಗ:
ಅಕ್ಕಾ, ಓದುತ್ತಾ ಓದುತ್ತಾ ಮನೆ ವಿಷಯವೇ ಮರೆತೆ. 1984ರ ಮುಷ್ಕರದ ಬಗ್ಗೆ ಇಲ್ಲಿ ಎಲ್ಲರೂ ಅರ್ಧ ಮಾತಾಡಿ ನಿಲ್ಲಿಸುತ್ತಾರೆ. ಅದೇನು?

ಬಳ್ಳಾರಿ_ನಾಟಿಂಗ್‌ಹ್ಯಾಂ:
ಇದಕ್ಕೆ ನಾನು ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನಾನಿರುವುದು ಆ ಕಡೆ.

1947ರ ಜನವರಿ 1ಕ್ಕೆ ಗಣಿಗಳೆಲ್ಲ ಸರ್ಕಾರದ್ದಾದವು. ಗೇಟಿಗೆ ಬೋರ್ಡ್ ಹಾಕಿದರು, ಇನ್ನು ಜನರ ಪರವಾಗಿ ನಡೆಸುತ್ತೇವೆ ಅಂತ. 1984ರ ಮಾರ್ಚ್‌ನಲ್ಲಿ ಥ್ಯಾಚರ್ ಸರ್ಕಾರ ಇದ್ದಾಗ ಇಪ್ಪತ್ತು ಗಣಿ ಮುಚ್ಚುತ್ತೇವೆ ಅಂದರು. ಯೂನಿಯನ್ ಮುಖಂಡ ಆರ್ಥರ್ ಸ್ಕಾರ್ಗಿಲ್, ಇಪ್ಪತ್ತಲ್ಲ, ಎಪ್ಪತ್ತಕ್ಕೂ ಜಾಸ್ತಿ ಮುಚ್ಚುವ ಹುನ್ನಾರ ಇದೆ ಅಂದರು. ಎಲ್ಲರೂ ಅವರನ್ನು ಸುಳ್ಳುಗಾರ ಅಂದರು. 2014ರಲ್ಲಿ ಸರ್ಕಾರದ ಹಳೇ ಕಡತ ಹೊರಬಂತು. ಅದರಲ್ಲಿದ್ದ ಲೆಕ್ಕ 75! ಮೂವತ್ತು ವರ್ಷ ಆದ ಮೇಲೆ ಗೊತ್ತಾಗಿ ಏನು ಪ್ರಯೋಜನ.

ಗಣಿ ಕಾರ್ಮಿಕರು ಮುಷ್ಕರ ಹೂಡಿ ಒಂದು ವರ್ಷ ಸಂಬಳ ಇಲ್ಲದೆ ನಿಂತರು. ಆದರೆ ಮುಷ್ಕರ ಬೇಕೋ ಬೇಡವೋ ಅಂತ ಯೂನಿಯನ್ ದೇಶದ ತುಂಬ ಮತದಾನ ಮಾಡಿಸಲಿಲ್ಲ. ನಮ್ಮ ನಾಟಿಂಗ್‌ಹ್ಯಾಂಶೈರ್‌ನವರಲ್ಲಿ ಬಹಳ ಜನ ಅದನ್ನೇ ಹಿಡಿದುಕೊಂಡು ಕೆಲಸಕ್ಕೆ ಹೋದರು. 1985ರಲ್ಲಿ ಬೇರೆ ಯೂನಿಯನ್ನೇ ಕಟ್ಟಿದರು. ಸರ್ಕಾರ ತಮ್ಮ ಕೈ ಬಿಡುವುದಿಲ್ಲ ಅಂತ ನಂಬಿದ್ದರು. 1992ರಲ್ಲಿ 31 ಗಣಿ ಮುಚ್ಚುವ ಪಟ್ಟಿ ಬಂತು ನೋಡಿ, ಅದರಲ್ಲಿ ಇವರ ಗಣಿಗಳೂ ಇದ್ದವು. ಕೊನೆಯದು ತೋರ್ಸ್‌ಬಿ, 2015ರಲ್ಲಿ ಮುಚ್ಚಿತು.

ನಾನಿರುವ ಬೀದಿಯಲ್ಲಿ ಅಣ್ಣ ತಮ್ಮ ಇಬ್ಬರು ಎದುರುಬದುರು ಮನೆ. ಒಬ್ಬ ಮುಷ್ಕರದಲ್ಲಿದ್ದವ, ಇನ್ನೊಬ್ಬ ಕೆಲಸಕ್ಕೆ ಹೋದವ. ತಾಯಿಯ ಅಂತ್ಯಕ್ರಿಯೆಗೂ ಬೇರೆ ಬೇರೆ ಬಾಗಿಲಿಂದ ಬಂದರಂತೆ. ನಾನು ಬಂದ ಮೊದಲ ತಿಂಗಳು ಗೊತ್ತಿಲ್ಲದೆ ಇಬ್ಬರನ್ನೂ ಒಟ್ಟಿಗೆ ದೀಪಾವಳಿಗೆ ಕರೆದೆ! ಇಬ್ಬರೂ ಬರಲಿಲ್ಲ. ಪಾಪ, ನನ್ನ ಹೆಂಡತಿ ಮಾಡಿದ ಹೋಳಿಗೆ ಒಂದು ವಾರ ತಿಂದೆವು.

ಚಾಂಪಿಯನ್_ರೀಫ್:
ಹಂಗಾದ್ರೆ ಅಲ್ಲಿ ನಮ್ಮ ದೇಶದವರು ಗಣಿಯಲ್ಲಿ ಇರಲೇ ಇಲ್ವಾ?

ಬಳ್ಳಾರಿ_ನಾಟಿಂಗ್‌ಹ್ಯಾಂ:
ಇದ್ದರು ಸಾರ್. ನಮ್ಮ ಹತ್ತಿರದ ಗೆಡ್ಲಿಂಗ್ ಗಣಿಗೆ ಎಲ್ಲ ದೇಶಗಳ ಗಣಿ ಅಂತಲೇ ಅಡ್ಡಹೆಸರು. ಕೆರಿಬಿಯನ್ ಕಡೆಯವರು ತುಂಬ ಜನ ಕೆಲಸ ಮಾಡಿದ್ದರು. 1991ರಲ್ಲಿ ಮುಚ್ಚಿತು, ಈಗ ಆ ಗುಡ್ಡ ಪಾರ್ಕು. ಇನ್ನೊಂದು ಕಥೆ ಹೇಳಲೇಬೇಕು. 1976ರಲ್ಲಿ ಲಂಡನ್ನಿನ ಗ್ರನ್‌ವಿಕ್ ಫೋಟೋ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿ ಮತ್ತು ಬಹುಪಾಲು ಗುಜರಾತಿ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. 1977ರ ಬೇಸಿಗೆಯಲ್ಲಿ ಅವರ ಪರ ನಿಲ್ಲಲು ಯಾರ್ಕ್‌ಶೈರ್‌ನಿಂದ ಗಣಿ ಕಾರ್ಮಿಕರು ಬಂದರು. ಸೀರೆಯುಟ್ಟ ಹೆಂಗಸರು, ಹಿಂದೆ ಗಣಿ ಗಂಡಸರು. ಆ ಫೋಟೋ ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಕಡಲದಂಡೆ_ನರ್ಸಮ್ಮ:
ಬಳ್ಳಾರಿಯವರು ಚೆನ್ನಾಗಿ ಹೇಳಿದರು. ನಮ್ಮ ಊರು ಪೂರ್ತಿ ಮುಷ್ಕರದ ಕಡೆ. 1984ರ ಆಗಸ್ಟ್‌ನಲ್ಲಿ ಮುಷ್ಕರ ಬಿಟ್ಟು ಕೆಲಸಕ್ಕೆ ಹೊರಟ ಒಬ್ಬನೇ ಒಬ್ಬ ಮನುಷ್ಯನನ್ನು ಗಣಿಯೊಳಗೆ ಬಿಡಲು ಬೀದಿ ತುಂಬ ಪೊಲೀಸರು ಬಂದರು. ಅದನ್ನು ಇಲ್ಲಿನವರು ದಂಡು ಬಂತು ಅನ್ನೋ ಥರ ಹೇಳುತ್ತಾರೆ. ಹೆಂಗಸರು ಸೇರಿ ದೊಡ್ಡ ಅಡುಗೆ ಮಾಡಿ ಊರಿಗೇ ಊಟ ಹಾಕಿದರು. ನನ್ನ ಒಬ್ಬ ಪೇಷೆಂಟ್ ಅಜ್ಜಿ ಅವತ್ತು ಆಲೂಗಡ್ಡೆ ಸುಲಿಯುತ್ತಿದ್ದವರು. ಅಲ್ಲಿಯವರೆಗೂ ಗಂಡನ ಪಾಳಿಯೇ ಅವರ ಗಡಿಯಾರ. ಗಂಡ ಒಂದು ಪಾಳಿ, ಇಬ್ಬರು ಮಕ್ಕಳು ಇನ್ನೆರಡು ಪಾಳಿ. ಯಾವಾಗ ನೋಡಿದರೂ ಒಬ್ಬರಿಗೆ ಬುತ್ತಿ, ಒಬ್ಬರಿಗೆ ಬಿಸಿ ಊಟ. ಮುಷ್ಕರದ ವರ್ಷ ಮೊದಲ ಸಲ ಮೈಕ್ ಹಿಡಿದು ಮಾತಾಡಿದರಂತೆ. ಹೊಟ್ಟೆಗಿಲ್ಲದಿದ್ದರೂ ಅದೇ ತನ್ನ ಒಳ್ಳೇ ವರ್ಷ ಅನ್ನುತ್ತಾರೆ. ನನಗೆ ಮೊದಲು ಅರ್ಥವಾಗಲಿಲ್ಲ.

ತಮ್ಮಾ, ಒಂದು ಮಾತು ನೆನಪಿಡಿ. ಸ್ಕ್ಯಾಬ್ ಅನ್ನುವ ಶಬ್ದವನ್ನು ತಮಾಷೆಗೂ ಬಾಯಿಗೆ ತರಬೇಡಿ. ಮುಷ್ಕರ ಮುರಿದು ಕೆಲಸಕ್ಕೆ ಹೋದವರನ್ನು ಬೈಯುವ ಪದ ಅದು. ನನ್ನ ಕೆಲಸದಲ್ಲಿ ಗಾಯದ ಹಕ್ಕಳೆಗೂ ಅದೇ ಪದ. ಒಂದು ಮನೆಯಲ್ಲಿ ಕಾಲಿನ ಗಾಯ ನೋಡಿ ಹಾಗಂದುಬಿಟ್ಟೆ. ಕೋಣೆಯಲ್ಲಿ ಎಲ್ಲರೂ ಗಪ್‌ಚಿಪ್. ಆಮೇಲಿಂದ ಬೇರೆ ಪದ ಬಳಸುತ್ತೇನೆ.

ಬೆಂಗಳೂರು_ಬಿಸಿಲು:
ಸರಿ ಅಕ್ಕಾ, ನನ್ನ ಮಾತು ವಾಪಸ್ ತಗೊಂಡೆ. ಅರ್ಧ ವಾಪಸ್. ಹೊಗೆ ಹೊಗೆಯೇ. ಅಲ್ಲಿ ಈಗ ಕಲ್ಲಿದ್ದಲು ಪೂರ್ತಿ ನಿಂತಿದೆಯಾ?

ಬಳ್ಳಾರಿ_ನಾಟಿಂಗ್‌ಹ್ಯಾಂ:
ಕೊನೆಯ ಆಳದ ಗಣಿ ಕೆಲಿಂಗ್ಲಿ, ಯಾರ್ಕ್‌ಶೈರ್‌ನಲ್ಲಿ, 2015ರ ಡಿಸೆಂಬರ್ 18ಕ್ಕೆ ನಿಂತಿತು. ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಮ್ಮ ಪಕ್ಕದ ರ್‍ಯಾಟ್‌ಕ್ಲಿಫ್, 2024ರ ಸೆಪ್ಟೆಂಬರ್ 30. ಆ ಎಂಟು ದೊಡ್ಡ ಗೋಪುರಗಳನ್ನು ನೋಡಿದಾಗಲೆಲ್ಲ ನನಗೆ ಶಕ್ತಿನಗರ ನೆನಪಾಗುತ್ತಿತ್ತು.

ಕಡಲದಂಡೆ_ನರ್ಸಮ್ಮ:
ಗಣಿ ನಿಂತರೂ ಅದರ ಪಂಪು ನಿಂತಿಲ್ಲ, ಅದು ನಿಮಗೆ ಗೊತ್ತಾ? ಗಣಿ ಮುಚ್ಚಿದ ಮೇಲೆ ಒಳಗೆ ನೀರು ಏರುತ್ತಾ ಬರುತ್ತೆ. ಉಪ್ಪು, ಕಬ್ಬಿಣ ತುಂಬಿದ ನೀರು. ಮೇಲಿನ ಸುಣ್ಣಕಲ್ಲಿನಲ್ಲಿ ಕುಡಿಯುವ ನೀರಿದೆ. ಎರಡೂ ಸೇರಬಾರದು ಅಂತ ಹೋರ್ಡನ್‌ನಲ್ಲಿ, ಡಾಡನ್‌ನಲ್ಲಿ ಈಗಲೂ ಎತ್ತಿ ಶುದ್ಧ ಮಾಡುತ್ತಾರೆ. ಆ ನೀರು ಬೆಚ್ಚಗಿರುತ್ತೆ, ಅದರಿಂದ ಮನೆ ಕಾಯಿಸುವ ಯೋಜನೆ ಸೀಹ್ಯಾಂನಲ್ಲಿದೆ. ತಾತನಿಗೆ ಹೇಳಿದೆ. "ನಮಗೆ ಅದು ಮೊಣಕಾಲವರೆಗೆ ಬರುತ್ತಿತ್ತು, ಫ್ರೀಯಾಗಿ" ಅಂದರು.

ಕಡಲ ದಂಡೆಯನ್ನಂತೂ ನೋಡಲೇಬೇಕು. ಗಣಿಯ ಕಸವನ್ನೆಲ್ಲ ದಶಕಗಟ್ಟಲೆ ಸಮುದ್ರಕ್ಕೇ ಸುರಿದಿದ್ದರು. ಮರಳೇ ಕಪ್ಪಾಗಿತ್ತು. 1997ರಿಂದ 2002ರವರೆಗೆ ಒಂದು ಕೋಟಿ ಪೌಂಡ್ ಖರ್ಚು ಮಾಡಿ ತೆಗೆದರು, ಉಳಿದದ್ದನ್ನು ಅಲೆ ತಿನ್ನುತ್ತಿದೆ. ಈಗ ಮೇಲೆ ಕಾಡುಹೂವು, ಸ್ಕೈಲಾರ್ಕ್ ಹಕ್ಕಿ. ಕೆಳಗೆ ನಡೆದರೆ ಇನ್ನೂ ಕೆಲವು ಕಡೆ ತುಕ್ಕುಬಣ್ಣದ ಗಟ್ಟಿ ಪದರ ಸಿಗುತ್ತೆ, ಮಧ್ಯೆ ಕಪ್ಪು ಹರಳು. ನನ್ನ ಮಗಳು ಅದನ್ನು ಜೇಬಲ್ಲಿಟ್ಟುಕೊಂಡು ಬಂದು ಮೂರು ಜೊತೆ ಯೂನಿಫಾರಂ ಹಾಳುಮಾಡಿದ್ದಾಳೆ.

ಗುಡ್ಡದ ಮೇಲೆ, ಗಣಿ ಇದ್ದ ಜಾಗದಲ್ಲಿ, ಜನರನ್ನು ಇಳಿಸುತ್ತಿದ್ದ ಕಬ್ಬಿಣದ ಪಂಜರವನ್ನು ನಿಲ್ಲಿಸಿದ್ದಾರೆ. ನಾನು ಸಂಜೆ ವಾಕಿಂಗ್ ಹೋಗುವುದು ಅಲ್ಲಿಗೇ. 1951ರ ಮೇ 29, ಬೆಳಗಿನ ಜಾವ ನಾಲ್ಕೂವರೆ ದಾಟಿತ್ತು. ಯಂತ್ರದ ಹಲ್ಲು ಗಟ್ಟಿ ಕಲ್ಲಿಗೆ ತಾಗಿ ಕಿಡಿ ಬಂತು, ಅನಿಲ ಹತ್ತಿಕೊಂಡಿತು, ಅದು ಧೂಳಿಗೆ ಹಬ್ಬಿತು. ಪಾಳಿ ಬದಲಾಗುವ ಹೊತ್ತು, ಎರಡು ಪಾಳಿಯವರೂ ಒಳಗೆ. 81 ಜನ ಹೋದರು, ಅವರನ್ನು ಹುಡುಕಲು ಇಳಿದ ಇಬ್ಬರೂ ಹೋದರು. ಒಟ್ಟು 83. ಸ್ಮಶಾನದಲ್ಲಿ ಒಂದೇ ಕಡೆ ಸಾಲಾಗಿ ಮಲಗಿದ್ದಾರೆ. ಆ ಮನೆಗಳು ಇದೇ ಬೀದಿಗಳಲ್ಲಿದ್ದವು. ಒಂದು ಕಡೆಯ ಬೀದಿಗಳ ಹೆಸರೆಲ್ಲ ಎ ಅಕ್ಷರದಿಂದ, ಇನ್ನೊಂದು ಕಡೆಯವು ಬಿ ಅಕ್ಷರದಿಂದ. ನಾನು ಬ್ಯಾಗ್ ಹಿಡಿದು ಹೋಗುವಾಗ ಮನೆ ನಂಬರ್ ಹೇಳಿದರೆ ಸಾಕು, ಹಳಬರು ಆ ಮನೆಯಿಂದ ಯಾರು ಹೋದರು ಅಂತ ಹೇಳುತ್ತಾರೆ.

ಚಾಂಪಿಯನ್_ರೀಫ್:
ನಮ್ಮಲ್ಲಿ ರಾಕ್ ಬರ್ಸ್ಟ್ ಆದರೆ, ಅಂದರೆ ಗಣಿಯೊಳಗೆ ಬಂಡೆ ಸಿಡಿದರೆ, ಮನೆಯ ಪಾತ್ರೆ ಅಲ್ಲಾಡುತ್ತಿತ್ತು. ಅಜ್ಜಿ ಒಲೆ ಮುಂದಿಂದ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸೈರನ್ ಆಗದಿದ್ದರೆ ಮತ್ತೆ ಒಲೆ ಮುಂದೆ. ಅಷ್ಟೇ ಹೇಳೋಕೆ ಬಂದೆ ಮೇಡಂ.

ಹಾಸನದ_ಹುಡುಗ:
ಅಕ್ಕಾ, ಬಣ್ಣದ ವಿಷಯ ಕೇಳಿದ್ದೆ, ಅದು ಉಳಿದುಹೋಯಿತು. ಮುಚ್ಚುಮರೆ ಬೇಡ.

ಕಡಲದಂಡೆ_ನರ್ಸಮ್ಮ:
ಇಲ್ಲ, ಮರೆತಿಲ್ಲ. ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೆ. ಕಾರಿನಿಂದ ಕೂಗಿ ಹೋದವರಿದ್ದಾರೆ. ಒಂದು ಸಲ ಅಂಗಡಿ ಮುಂದೆ ಹುಡುಗರು ಮೊಟ್ಟೆ ಎಸೆದರು. ಒಂದು ಮನೆಯಲ್ಲಿ ಬೇರೆ ನರ್ಸ್ ಬೇಕು ಅಂದರು. ಆಗಿದ್ದನ್ನು ಆಗಿಲ್ಲ ಅನ್ನಲಾರೆ. ಮೊಟ್ಟೆ ಬಿದ್ದ ದಿನ ಅದನ್ನು ಒರೆಸಿದ್ದು ತಾತ, ಆ ಹುಡುಗರ ಅಜ್ಜಂದಿರಿಗೆ ಫೋನ್ ಹಚ್ಚಿದ್ದೂ ತಾತ. ಇಲ್ಲಿ ಅಪ್ಪಂದಿರಿಗಲ್ಲ, ಅಜ್ಜಂದಿರಿಗೇ ಫೋನ್ ಮಾಡಬೇಕು. ಒಟ್ಟಿಗೆ ಗಣಿಗೆ ಇಳಿದವರು ಅವರು, ಅವರ ಮಾತು ನಡೆಯುತ್ತೆ. ಅವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಮುಂದೆ ಹೇಗೋ, ನನಗೂ ಆ ಚಿಂತೆ ಇದೆ.

ಜೊತೆ ಕೆಲಸ ಮಾಡಿದವನನ್ನು ಇಲ್ಲಿ "ಮಾರಾ" ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಕಡೆಯ ಮಾರಾಯನೇ ಇಲ್ಲಿಗೆ ಬಂದನಲ್ಲ ಅಂತ ನಗು ಬಂತು. ಬುತ್ತಿಗೆ "ಬೇಟ್". ಹೆಂಗಸರನ್ನೆಲ್ಲ "ಪೆಟ್" ಅನ್ನುತ್ತಾರೆ, ಬೈದದ್ದು ಅಂದುಕೊಳ್ಳಬೇಡಿ.

ಬರುವುದಿದ್ದರೆ ಜುಲೈ ಎರಡನೇ ಶನಿವಾರ ಬನ್ನಿ. ಡರ್ಹಂ ಮೈನರ್ಸ್ ಗಾಲಾ ಅಂತ ಗಣಿ ಕಾರ್ಮಿಕರ ಹಬ್ಬ, 1871ರಿಂದ ಇದೆ. ನಮ್ಮ ಜಾತ್ರೆಗೆ ಹಳ್ಳಿಹಳ್ಳಿಯ ದೇವರು ಬರುವ ಹಾಗೆ, ಒಂದೊಂದು ಊರಿನ ಗಣಿಯ ರೇಷ್ಮೆ ಬಾವುಟ, ಮುಂದೆ ಅವರವರ ಬ್ಯಾಂಡು. ಗಣಿ ಇಲ್ಲದಿದ್ದರೂ ಬಾವುಟ ಬರುತ್ತೆ. ಗಣಿಯಲ್ಲಿ ಸಾವಾದ ವರ್ಷ ಆ ಊರಿನ ಬಾವುಟಕ್ಕೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಗಾಳಿ ಇದ್ದರೆ ಬಾವುಟ ಹಿಡಿಯುವುದು ರಥ ಎಳೆದಷ್ಟೇ ಕಷ್ಟ, ನಾಲ್ಕು ಕಡೆ ಹಗ್ಗ ಹಿಡಿದು ನಡೆಯುತ್ತಾರೆ. ಹೋದ ಸಲ ಒಂದು ಹಗ್ಗ ನನ್ನ ಕೈಗೆ ಕೊಟ್ಟರು. ಕೈ ಸುಲಿದುಹೋಯಿತು.

ಹಾಸನದ_ಹುಡುಗ:
ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ರೈಲಿನಲ್ಲೇ ಹೋದೆವು. ಹೋರ್ಡನ್ ಸ್ಟೇಶನ್ 2020ರಲ್ಲಿ ಮತ್ತೆ ಶುರುವಾಗಿದೆಯಂತೆ, ಅದೇ ನಮಗೆ ಧೈರ್ಯ. ಎರಡು ಮನೆ ನೋಡಿದೆವು. ಒಂದರ ಎರಡೂ ಪಕ್ಕ ಹಲಗೆ ಹೊಡೆದಿತ್ತು, ಅಕ್ಕನ ಮಾತು ನೆನಪಾಗಿ ಒಳಗೇ ಹೋಗಲಿಲ್ಲ. ಇನ್ನೊಂದು ಹಿಡಿಸಿದೆ, ಗಣಿ ವರದಿಗೆ ವಕೀಲರಿಗೆ ಹೇಳಿದ್ದೇವೆ. ಹಿಂದಿನ ತೋಟದಲ್ಲಿ ಒಬ್ಬರು ಅಜ್ಜ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದರು. ನನ್ನ ಹೆಂಡತಿ ಬೇಲಿ ಹತ್ತಿರ ಹೋಗಿ ಮಾತಾಡಿಸಿದಳು. ಯಾವ ಪಿಟ್ ಅಂತ ಅವಳೇ ಮೊದಲು ಕೇಳಿಬಿಟ್ಟಳು! ಮುಕ್ಕಾಲು ಗಂಟೆ ಬಿಡಲಿಲ್ಲ. ಬರುವಾಗ ಒಂದು ಲೀಕ್ ಕೊಟ್ಟು ಕಳಿಸಿದರು. ಈರುಳ್ಳಿ ದಂಟೇ, ಆದರೆ ನನ್ನ ತೋಳಿನಷ್ಟು ದಪ್ಪ. ಇದನ್ನು ಏನು ಮಾಡುವುದು ಅಕ್ಕಾ?

ಕಡಲದಂಡೆ_ನರ್ಸಮ್ಮ:
ಅಯ್ಯೋ, ತೋಳಿನಷ್ಟು ದಪ್ಪ ಅಂದರೆ ಅದು ಸ್ಪರ್ಧೆಗೆ ಬೆಳೆಸುವ ಜಾತಿ! ಸೆಪ್ಟೆಂಬರ್‌ನಲ್ಲಿ ಲೀಕ್ ಶೋ ನಡೆಯುತ್ತೆ. ಯಾರಾದರೂ ಕತ್ತರಿಸಿಬಿಡುತ್ತಾರೆ ಅಂತ ರಾತ್ರಿ ಕಾವಲು ಕೂರುವವರಿದ್ದಾರೆ. ಸಣ್ಣಗೆ ಹೆಚ್ಚಿ ತೊಗರಿಬೇಳೆ ಜೊತೆ ಹುಳಿ ಮಾಡಿ, ಚೆನ್ನಾಗಿರುತ್ತೆ. ಅಜ್ಜ ಕೇಳಿದರೆ ಮಾತ್ರ ಸೂಪ್ ಮಾಡಿದೆವು ಅನ್ನಿ.